ಖರ್ಚಿನ ಪುಟ ಎಲ್ಲಿದೆ?

ಊರ ಕಡೆಯವರು ಮುಂಬಯಿಗೆ ಬಂದರೆ ತಪ್ಪದೆ ಆಡುವ ಮಾತೊಂದಿದೆ: "ನೋಡಿ ಸ್ವಾಮಿ, ಇಲ್ಲಿ ಸಮುದ್ರ ತುಂಬಿಸಿ ರಸ್ತೆ ಮಾಡಿದ್ದಾರೆ. ನಮ್ಮಲ್ಲಿ ರಸ್ತೆಯ ಹೊಂಡ ಮುಚ್ಚೋಕೂ ಆಗಲ್ಲ." ಈ ಹೊಗಳಿಕೆಗೆ ತಲೆಯಾಡಿಸಲು ನನ್ನಿಂದಾಗದು. ನಾನು ಬ್ಯಾಂಕಿನಲ್ಲಿ ಆಯುಷ್ಯ ಕಳೆದವನು. ಜಮೆಯ ಪುಟ ಮಾತ್ರ ತೋರಿಸಿ ಖರ್ಚಿನ ಪುಟ ಬಚ್ಚಿಟ್ಟವನಿಗೆ ಯಾವ ಮ್ಯಾನೇಜರೂ ಸಾಲ ಕೊಡುವುದಿಲ್ಲ.

ಮುಂಬಯಿ ಮೂಲತಃ ಏಳು ದ್ವೀಪ. 18ನೇ ಶತಮಾನದ ಕೊನೆಗೆ ವರ್ಲಿಯ ಬಳಿ ಹಾರ್ನ್‌ಬಿ ವೆಲ್ಲಾರ್ಡ್ ಎಂಬ ಒಡ್ಡು ಕಟ್ಟಿ ಉಬ್ಬರದ ನೀರು ತಡೆದರು. ಆ ತುಂಬಿಸುವ ಚಾಳಿ ಇಂದಿಗೂ ನಿಂತಿಲ್ಲ. ನರಿಮನ್ ಪಾಯಿಂಟ್ ಹಾಗೆ ತುಂಬಿಸಿದ ನೆಲ. ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್ ಎದ್ದದ್ದು ಮೀಠಿ ನದಿಯ ಪಕ್ಕದ ಜೌಗಿನಲ್ಲಿ. ನೀರು ಹಿಡಿದಿಡುತ್ತಿದ್ದ ಕಾಂಡ್ಲಾ ಕಾಡು ಹೋಯಿತು, ನದಿ ಗಟಾರವಾಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ಗಂಟೆಯಲ್ಲಿ 944 ಮಿ.ಮೀ. ಮಳೆ ಬಿತ್ತು. ನೂರಾರು ಜನ ಸತ್ತರು. ಮಳೆ ದೇವರದ್ದು ಅನ್ನೋಣ, ನೀರು ಹೋಗುವ ದಾರಿ ಮುಚ್ಚಿದವರು ಯಾರು?

ಆಮೇಲಾದರೂ ಬುದ್ಧಿ ಬಂತೇ? ದಕ್ಷಿಣ ಮುಂಬಯಿಯಿಂದ ವರ್ಲಿಗೆ ಹೋಗುವ ಕೋಸ್ಟಲ್ ರೋಡಿಗಾಗಿ ಸುಮಾರು 111 ಹೆಕ್ಟೇರ್ ಕಡಲು ತುಂಬಿಸಿದರು. ಅಡ್ಡ ಬಂದ ಹವಳಗಳನ್ನು ಕಿತ್ತು ಬೇರೆ ಕಡೆ ಕೂರಿಸಿದರು, ಕುಂಡದ ಗಿಡ ಎತ್ತಿಟ್ಟ ಹಾಗೆ! 2024ರ ಮಾರ್ಚ್‌ನಲ್ಲಿ ಮೊದಲ ಭಾಗ ತೆರೆದಾಗ ಬೈಕು, ರಿಕ್ಷಾಗಳಿಗೆ ಪ್ರವೇಶವಿಲ್ಲ ಅಂದರು. ಲೋಕಲ್ ರೈಲಿನಲ್ಲಿ ಜೋತಾಡಿಕೊಂಡು ಹೋಗುವವನಿಗೆ ಈ ರಸ್ತೆಯಿಂದ ಬಂದದ್ದೇನು?

ಕಳಕೊಂಡವರು ಯಾರೆಂದು ವರ್ಲಿ ಕೋಳಿವಾಡಾದಲ್ಲಿ ಕೇಳಿ. ಹೆಸರು ನೋಡಿ ನಗಬೇಡಿ. ಕೋಳಿಗಳೆಂದರೆ ಈ ದ್ವೀಪಗಳ ಹಳೇ ಮೀನುಗಾರರು, ನಮ್ಮ ಮೊಗವೀರರ ಹಾಗೆ. ಅವರ ದೋಣಿ ಕಡಲಿಗಿಳಿಯುವ ದಾರಿಯಲ್ಲೇ ಸೇತುವೆಯ ಕಂಬ ಬಂತು. ಎರಡು ಕಂಬಗಳ ನಡುವೆ 60 ಮೀಟರ್ ಸಾಕು ಅಂದಿತು ಪಾಲಿಕೆ. ಗಾಳಿ ಬೀಸುವಾಗ ದೋಣಿ ಕಂಬಕ್ಕೆ ಬಡಿಯುತ್ತದೆ, ಸಾಲದು ಅಂದರು ಇವರು. ಕೆಲಸ ತಡೆದು ನಿಂತು ಹೋರಾಡಿದ ಮೇಲೆ 60 ಹೋಗಿ 120 ಆಯಿತು. ಆದರೆ ಹೆಂಗಸರು ಏಡಿ, ಚಿಪ್ಪು ಹೆಕ್ಕುತ್ತಿದ್ದ ಬಂಡೆಗಳು ಮಣ್ಣಿನಡಿ ಸೇರಿದರೆ ವಾಪಸು ಬರುತ್ತವೆಯೇ? ಪರಿಹಾರ ಕೊಟ್ಟರೆ ಮುಗಿಯಿತಲ್ಲ ಅನ್ನುವವರಿದ್ದಾರೆ. ಪರಿಹಾರ ಒಂದು ಸಲದ ಜಮೆ ಕಣ್ರೀ. ಕಡಲು ಮೊಮ್ಮಕ್ಕಳ ಕಾಲಕ್ಕೂ ಬರುವ ಪಿಂಚಣಿ.

ಇದನ್ನೆಲ್ಲ ಊರಿನವರಿಗೆ ಯಾಕೆ ಹೇಳಬೇಕು? ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಶರಾವತಿ ಕಡಲು ಸೇರುವ ಕಡೆ, ಖಾಸಗಿ ಬಂದರು ಬೇಡವೆಂದು ಮೀನುಗಾರರು ಬೀದಿಗಿಳಿದಿದ್ದಾರೆ. ಕಡಲಾಮೆ ಮೊಟ್ಟೆಯಿಡುವ ಮರಳು ಅದು. ಮುಂಬಯಿಯನ್ನು ತೋರಿಸಿ ಅವರ ಬಾಯಿ ಮುಚ್ಚಿಸಬೇಡಿ. ಯಾರದ್ದು ಎಷ್ಟು ಹೋಗುತ್ತದೆ ಎಂಬ ಪುಟವನ್ನು ಮೊದಲು ತೆರೆಸಿ. ಸಹಿ ಆಮೇಲೆ ಹಾಕಿದರಾಯಿತು.