ಪ್ರಾರ್ಥನೆಯ ಸಾಲಿನಲ್ಲಿ ಬವಳಿ
ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಯಾವುದೇ ಶಾಲೆಯ ಅಂಗಳದಲ್ಲಿ, ಬೆಳಗಿನ ಪ್ರಾರ್ಥನೆಗೆ ನಿಂತ ಬಾಲೆಯೊಬ್ಬಳು ಮುಖ ಬಿಳಿಚಿ, ತುಟಿಯ ಮೇಲೆ ಬೆವರೊಡೆದು, ಮುಂದಿನವಳ ಭುಜಕ್ಕೆ ಕೈಚಾಚುವಷ್ಟರಲ್ಲಿ ಬವಳಿ ಬಂದು ಕುಸಿದರೆ, ಮನೆಯ ಹಿರಿಯರು ದೃಷ್ಟಿ ತಾಗಿತೆಂದು ಉಪ್ಪು-ಮೆಣಸಿನಕಾಯಿ ನಿವಾಳಿಸುವರು. ಬ್ಯಾಡಗಿಯ ನೆರೆಯಲ್ಲಿ ಮೆಣಸಿನಕಾಯಿಗೆ ಬರವೆಲ್ಲಿ! ಆ ಅಜ್ಜಿಯರನ್ನು ನಾನು ಹಾಸ್ಯಮಾಡಲಾರೆ. ಆದರೆ ಅಷ್ಟಕ್ಕೇ ನಿಲ್ಲುವುದನ್ನು ಒಪ್ಪಲಾರೆ.

ಬಹುಹೊತ್ತು ನಿಂತಾಗ, ಅದೂ ಬರಿಹೊಟ್ಟೆಯಲ್ಲಿ, ರಕ್ತವು ಕಾಲುಗಳಲ್ಲಿ ತಂಗಿ ಮಿದುಳಿಗೆ ಕ್ಷಣಕಾಲ ಕಡಮೆಯಾಗುವುದೇ ಬಹುಮಟ್ಟಿಗೆ ಈ ಬವಳಿಯ ಮೂಲ. ಮಲಗಿಸಿ ಕಾಲೆತ್ತಿ ಹಿಡಿದರೆ ಚೇತರಿಕೆಯುಂಟು. ರಕ್ತಹೀನತೆಯೂ ಜೊತೆಗೂಡಿರಬಹುದು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ರಕ್ತಹೀನರು. ಆಡುತ್ತಿದ್ದ ಕೂಸು ಹಠಾತ್ತನೆ ಹೆದರಿ ತಾಯಿಯ ಸೆರಗು ಹಿಡಿದು, ನಿಮಿಷಾರ್ಧದಲ್ಲಿ ಮರಳಿ ಆಟಕ್ಕೋಡುವ ತಲೆಸುತ್ತಿನ ಬಗೆಯೊಂದಿದೆ. ಅದು ಮೈಗ್ರೇನಿನ ಬಂಧುವೆಂದು ವೈದ್ಯರ ಮತ. ಓಡುತ್ತಿರುವಾಗಲೇ, ಮುನ್ಸೂಚನೆಯಿಲ್ಲದೆ ಬಿದ್ದ ಮಗುವಿಗಾದರೋ ಇಸಿಜಿ ತೆಗೆಸದೆ ಬಿಡಲಾಗದು.

ಗ್ಲೂಕೋಸ್ ಹಾಕಿರೆಂದು ವೈದ್ಯರನ್ನು ಕಾಡುವುದಕ್ಕಿಂತ, ಬೀಳುವ ಮುನ್ನ ಮಗು ಉಂಡಿತ್ತೇ, ನಿಂತಿತ್ತೇ, ಓಡುತ್ತಿತ್ತೇ ಎಂಬುದನ್ನು ಕಣ್ಣಾರೆ ಕಂಡ ಮಾಸ್ತರರು ಚೀಟಿಯಲ್ಲಿ ಬರೆದುಕೊಟ್ಟರೆ, ವೈದ್ಯರ ಅರ್ಧ ಕೆಲಸ ಅಲ್ಲಿಯೇ ಮುಗಿದಂತೆ.