ಮುತ್ಯಾನ ಲೆಕ್ಕ: ಬಟ್ಟಲು ಓಟ್ಸ್ ಎಂದರೆ ಎಷ್ಟು ಗ್ರಾಂ?

ಮಕ್ಕಳೇ, ಈ ವಾರದ ಲೆಕ್ಕ ಅಡುಗೆಮನೆಯದು. ನಮ್ಮ ಕೊಡಂಬಲ ಜೋಳದ ರೊಟ್ಟಿಯ ಊರು. ಇಲ್ಲೂ ಈಗ ಕಿರಾಣಿ ಅಂಗಡಿಗಳಲ್ಲಿ ಓಟ್ಸ್ ಪೊಟ್ಟಣ ಸಿಗುತ್ತದೆ. ಸಕ್ಕರೆ ಕಾಯಿಲೆ ಇರುವ ಅಜ್ಜ-ಅಜ್ಜಿಯರಿಗೆ ಡಾಕ್ಟರು ‘ಬೆಳಿಗ್ಗೆ 40 ಗ್ರಾಂ ಓಟ್ಸ್’ ಎಂದು ಚೀಟಿಯಲ್ಲಿ ಬರೆದುಕೊಟ್ಟರು ಅನ್ನಿ. ಮನೆಯಲ್ಲಿ ತಕ್ಕಡಿ ಇಲ್ಲ, ಇರುವುದು ಬಟ್ಟಲು. ಅಂದಾಜಿನಲ್ಲಿ ಸುರಿದರೆ 40 ಗ್ರಾಂ ಸುಲಭವಾಗಿ 60 ಆಗುತ್ತದೆ. ಆಮೇಲೆ ‘ಇಷ್ಟು ಪಥ್ಯ ಮಾಡಿದರೂ ಸಕ್ಕರೆ ಇಳಿಯಲಿಲ್ಲ’ ಎಂದು ಅಜ್ಜಿ ಕೊರಗುತ್ತಾರೆ.

ತೂಕ ಬೇರೆ, ಅಳತೆ ಬೇರೆ. ಹಳೆಯ ಕಾಲದವರಿಗೆ ಇದು ಚೆನ್ನಾಗಿ ಗೊತ್ತು. ಆಗ ಸೇರಿನಲ್ಲೇ ಎರಡು ಬಗೆ. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಕಾಳು ಅಳೆಯುವ ಸೇರು ಒಂದು ಪಾತ್ರೆ. ಅದರಲ್ಲಿ ಜೋಳ ತುಂಬಿದರೆ ಒಂದು ತೂಕ, ಚುರುಮುರಿ ತುಂಬಿದರೆ ಇನ್ನೊಂದು. ಸಾಲದ್ದಕ್ಕೆ ಸೇರಿನ ಗಾತ್ರ ಸೀಮೆಯಿಂದ ಸೀಮೆಗೆ ಬೇರೆ. ಬಾಯಿಮಟ್ಟ ಅಳೆಯಬೇಕೋ, ಗೋಪುರ ಬರುವಂತೆ ಅಳೆಯಬೇಕೋ ಎಂಬ ಜಗಳ ಬೇರೆ. ಈ ಗೊಂದಲ ಕಳೆಯಲೆಂದೇ 1956ರಲ್ಲಿ ಕಾಯ್ದೆ ಬಂತು. 1958ರ ಅಕ್ಟೋಬರ್‌ನಿಂದ ಕಿಲೋ-ಗ್ರಾಂ ಚಾಲ್ತಿಗೆ ಬರತೊಡಗಿತು.

ಈಗ ತಕ್ಕಡಿ ಇಲ್ಲದೆ ತೂಗುವ ಉಪಾಯ. ಪೊಟ್ಟಣದ ಮೇಲೆ ತೂಕ ಅಚ್ಚಾಗಿಯೇ ಇದೆಯಲ್ಲ, ಅದೇ ನಮ್ಮ ತಕ್ಕಡಿ! 500 ಗ್ರಾಂನ ಹೊಸ ಪೊಟ್ಟಣ ಒಡೆದು, ದಿನಾ ಬಳಸುವ ಬಟ್ಟಲಿನಿಂದ ಅಳೆದು ಡಬ್ಬಿಗೆ ಹಾಕಿ. ಒತ್ತಬೇಡಿ, ಕುಲುಕಬೇಡಿ, ಚಾಕುವಿನ ಬೆನ್ನಿನಿಂದ ಬಾಯಿಮಟ್ಟ ಸವರಿ. 10 ಬಟ್ಟಲು ಆಯಿತೇ? 500ನ್ನು 10ರಿಂದ ಭಾಗಿಸಿ: ಬಟ್ಟಲಿಗೆ 50 ಗ್ರಾಂ. ಆ ಬಟ್ಟಲು ತುಂಬಲು ದೊಡ್ಡ ಚಮಚದಲ್ಲಿ 10 ಚಮಚ ಬೇಕಾದರೆ, ಚಮಚಕ್ಕೆ 5 ಗ್ರಾಂ. ಹಾಗಾದರೆ 40 ಗ್ರಾಂಗೆ 8 ಚಮಚ. ಇದನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿ. ಬ್ಯಾಂಕಿನಲ್ಲಿ ನಾವು ಲೆಡ್ಜರ್ ತಾಳೆ ನೋಡುತ್ತಿದ್ದಂತೆ, ಮುಂದಿನ ಪೊಟ್ಟಣ ತಂದಾಗ ಇನ್ನೊಮ್ಮೆ ಎಣಿಸಿ ನೋಡಿ.

ಒಂದು ಓಟ್ಸಿನ ಲೆಕ್ಕ ಇನ್ನೊಂದಕ್ಕೆ ನಡೆಯದು. ಅವಲಕ್ಕಿಯಂತೆ ಚಪ್ಪಟೆ ಮಾಡಿದ ಓಟ್ಸ್ ನಡುವೆ ಗಾಳಿ ಹೆಚ್ಚು. 240 ಮಿಲಿಲೀಟರ್ ಕಪ್ಪಿಗೆ 80ರಿಂದ 90 ಗ್ರಾಂ ಹಿಡಿಯುತ್ತದೆ. ರವೆಯಂತೆ ಕತ್ತರಿಸಿದ ನುಚ್ಚು ಓಟ್ಸ್ ಅದೇ ಕಪ್ಪಿಗೆ ಹೆಚ್ಚುಕಡಿಮೆ ಎರಡರಷ್ಟು ತೂಗುತ್ತದೆ. ಹಾಗಾಗಿ 40 ಗ್ರಾಂ ಎಂದರೆ ಚಪ್ಪಟೆ ಓಟ್ಸ್ ಅರ್ಧ ಕಪ್ಪು, ನುಚ್ಚು ಓಟ್ಸ್ ಕಾಲು ಕಪ್ಪು. ರೊಟ್ಟಿಗೆ ಬೆರೆಸಲು ಮಿಕ್ಸಿಯಲ್ಲಿ ಪುಡಿ ಮಾಡಿದರೆ ಬಟ್ಟಲಿನ ಮಟ್ಟ ಇಳಿಯುತ್ತದೆ, ತೂಕ ಇಳಿಯುವುದಿಲ್ಲ. ಆದ್ದರಿಂದ ಮೊದಲು ಅಳೆಯಿರಿ, ಆಮೇಲೆ ಪುಡಿ ಮಾಡಿ.

ಹಿರಿಯರಿಗೆ ಒಂದು ಮಾತು. ಪೊಟ್ಟಣದ ಮೇಲಿನ 40 ಗ್ರಾಂ ಒಣ ಓಟ್ಸಿನದು, ಬೇಯಿಸಿದ ಗಂಜಿಯದಲ್ಲ. ನೀರು ಕುಡಿದು ಉಬ್ಬಿದ ಗಂಜಿ ತಟ್ಟೆ ತುಂಬ ಕಂಡರೆ ಹೆದರಬೇಡಿ. ಚೀಟಿಯಲ್ಲಿ ಬರೆದದ್ದು ಒಣದ್ದೋ ಬೇಯಿಸಿದ್ದೋ ಎಂದು ಡಾಕ್ಟರನ್ನು ಒಮ್ಮೆ ಕೇಳಿಬಿಡಿ.

ಪರದೇಶದಲ್ಲಿರುವ ಮಗಳು ಫೋನಿನಲ್ಲಿ ‘ಒಂದು ಕಪ್ಪು’ ಎಂದರೆ ಯಾವ ದೇಶದ ಕಪ್ಪು ಎಂದು ಕೇಳಿ. ಅಮೆರಿಕದ್ದು ಸುಮಾರು 240 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ಜಪಾನಿನದು 200. ಗ್ರಾಂ ಮಾತ್ರ ಎಲ್ಲ ದೇಶದಲ್ಲೂ ಒಂದೇ.

ಮಕ್ಕಳೇ, ಈಗ ನಿಮ್ಮ ಸರದಿ. 1 ಕಿಲೋ ಓಟ್ಸ್ ಒಂದು ಮನೆಯ ಬಟ್ಟಲಿನಲ್ಲಿ 25 ಬಟ್ಟಲು ಆಯಿತು. ದಿನಾ ಅಜ್ಜನಿಗೆ 40 ಗ್ರಾಂ, ಅಜ್ಜಿಗೆ 30 ಗ್ರಾಂ. ಯಾರಿಗೆ ಎಷ್ಟು ಬಟ್ಟಲು? ಪೊಟ್ಟಣ ಎಷ್ಟು ದಿನ ಬಂದೀತು, ಕೊನೆಗೆ ಎಷ್ಟು ಉಳಿದೀತು? ಉತ್ತರ ಮುಂದಿನ ವಾರ. ಅಷ್ಟರೊಳಗೆ ನಿಮ್ಮ ಮನೆಯ ಬಟ್ಟಲಿನ ಲೆಕ್ಕವೂ ಡಬ್ಬಿಯ ಮೇಲೆ ಅಂಟಿರಲಿ.