ಅಣ್ಣನ ನೆನಪು ಮತ್ತು ನಮ್ಮ ಶ್ರದ್ಧಾಂಜಲಿಗಳು

ನಮ್ಮ ಪತ್ರಿಕೆಗೆ ಬರುವ ಶ್ರದ್ಧಾಂಜಲಿಗಳೆಲ್ಲ ಒಂದೇ ಅಚ್ಚಿನವು: 'ಸರಳ ಸಜ್ಜನ, ಕೊಡುಗೈ ದಾನಿ, ಅಜಾತಶತ್ರು.' ಇವುಗಳಲ್ಲಿ ಹೋದವರ ಮುಖವೇ ಕಾಣುವುದಿಲ್ಲವೆಂಬುದು ನಮ್ಮ ತಕರಾರು.

ಕುವೆಂಪು ಅವರು 1994ರ ನವೆಂಬರ್ 11ರಂದು ಮೈಸೂರಿನಲ್ಲಿ ತೀರಿಕೊಂಡರು. ಮಹಾರಾಜ ಕಾಲೇಜಿನ ಅಧ್ಯಾಪಕರು, ಆಮೇಲೆ ಕುಲಪತಿಗಳು. ಮಾನಸಗಂಗೋತ್ರಿ ಅವರ ಕನಸು. ಬಿರುದುಗಳಿಗೇನು ಕೊರತೆ! ಆದರೆ ಮೂಡಿಗೆರೆಯಲ್ಲಿ ಕಾಫಿ ಬೆಳೆದ ಮಗ ಪೂರ್ಣಚಂದ್ರ ತೇಜಸ್ವಿಯವರು 1996ರಲ್ಲಿ 'ಅಣ್ಣನ ನೆನಪು' ಪ್ರಕಟಿಸಿದಾಗ ಅವನ್ನೆಲ್ಲ ಬದಿಗಿಟ್ಟರು. ಅಲ್ಲಿರುವುದು ಒಂಟಿಕೊಪ್ಪಲಿನ 'ಉದಯರವಿ' ಮನೆ, ಮಕ್ಕಳ ಪುಂಡಾಟ, ಅದರ ನಡುವೆ ಬಾಳಿದ ತಂದೆ. ಓದುವವನಿಗೆ ನಗು ಬರುತ್ತದೆ; ತಂದೆಯ ಗೌರವ ಕೂದಲೆಳೆಯಷ್ಟೂ ಕುಗ್ಗುವುದಿಲ್ಲ. ಕುಪ್ಪಳಿಯ ಕಾಡಿನಲ್ಲಿ ಬೆಳೆದ ತಂದೆ 'ಮಲೆನಾಡಿನ ಚಿತ್ರಗಳು' ಬರೆದವರು. ಆ ಕಾಡಿನ ಹುಚ್ಚು ಮಗನಿಗೂ ಅಂಟಿತು: ಕೋವಿ, ಗಾಳ, ಕೊನೆಗೆ ಹಕ್ಕಿಗಳ ಬೆನ್ನುಹತ್ತಿದ ಕ್ಯಾಮೆರಾ.

ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ನಮ್ಮ ಸದಸ್ಯರಲ್ಲೂ ಶನಿವಾರ ಮಧ್ಯಾಹ್ನ ಶಾಲೆಯ ಬೀಗ ಹಾಕಿ ನೇರ ತೋಟಕ್ಕೋ ಕಾಡಂಚಿಗೋ ನಡೆದ ಮೇಷ್ಟ್ರುಗಳಿದ್ದರು. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಯಾವ ಮರದ ನೆರಳು ಕಾಫಿಗೆ ಒಗ್ಗಿತು, ಆನೆ ಯಾವ ದಾರಿ ಹಿಡಿಯುತ್ತಿತ್ತು, ಅಡಿಕೆಗೆ ಕೊಳೆ ಬಂದ ವರ್ಷ ಮನೆ ಹೇಗೆ ನಡೆಯಿತು, ಲೆಕ್ಕ ತಪ್ಪಿದ ಮಗನಿಗೆ ಏನೆಂದು ಬೈದರು, ಇದನ್ನು ಮಕ್ಕಳು ಬರೆದು ಕಳಿಸಲಿ. ಬೈಗುಳ ಬಿಡಬೇಡಿ. ಮುಂದಿನ ಸಂಚಿಕೆಯಿಂದ ಶ್ರದ್ಧಾಂಜಲಿಗೆ ಅರ್ಧ ಪುಟ ಕೊಡುತ್ತೇವೆ. ಬಿರುದುಗಳನ್ನು ಮಾತ್ರ ಕತ್ತರಿಸುತ್ತೇವೆ.